ದೊಡ್ಡ ಡ್ರಮ್ಮಿನ ಗಂಟು

“ದೊಡ್ಡ ಡ್ರಮ್ಮಿನ ಹೊಟ್ಟೆಗೆ ಮಾತ್ರ ಕೈ ಹಾಕ್ಬೇಡಮ್ಮ,” ಎಂದಳು ಮುದುಕಿ. ಹೊಸ್ತಿಲಲ್ಲೇ ನಿಂತಿದ್ದಳು. ಕೋಣೆಯೊಳಗೆ ಕಾಲಿಡಲಿಲ್ಲ.

ಮೈಕುಗಳ ಪೆಟ್ಟಿಗೆ ಬಿಚ್ಚುತ್ತಿದ್ದವಳು ತಲೆಯೆತ್ತಿ ನಕ್ಕಳು. ಹದಿನೈದು ವರ್ಷದಿಂದ ಹಾಡು, ವಾದ್ಯ ರೆಕಾರ್ಡ್ ಮಾಡಿಯೇ ಬದುಕಿದವಳು. ಯಾವ ತಿರುಪು ಎಷ್ಟು ಸಡಿಲವಾಗಿದೆ ಎಂಬುದನ್ನು ಪಕ್ಕದ ಕೋಣೆಯಿಂದಲೇ ಹೇಳುತ್ತಿದ್ದಳು. ಹಾಗಾಗಿ ಕಸುಬಿನವರ ಬಾಯಲ್ಲಿ ಅವಳು ಕಿವಿಯಮ್ಮ.

“ಯಾಕಮ್ಮ, ಕಚ್ಚುತ್ತಾ?”

ಮುದುಕಿ ತಿರುಗಿ ಮನೆಯೊಳಗೆ ಹೋದಳು.

ಹಿಂದೆ ಕಾರು ನಿಲ್ಲಿಸುತ್ತಿದ್ದ ಕೋಣೆಯದು. ಈಗ ಗೋಡೆಗಳ ತುಂಬ ಹಳೆಯ ಜಮಖಾನೆ, ಹಾಸಿಗೆಗಳನ್ನು ಮೊಳೆ ಹೊಡೆದು ನಿಲ್ಲಿಸಿದ್ದರು. ಕಿಟಕಿಯಿಲ್ಲ. ನೆಲದಲ್ಲಿ ಇಂಗಿದ ಕಾರಿನ ಎಣ್ಣೆಯ ವಾಸನೆ, ಬೆವರಿನ ವಾಸನೆ, ಅವೆರಡರ ಅಡಿಯಲ್ಲಿ ಕೂದಲು ಸುಟ್ಟ ಕಮಟು. ಹೊರಗೆ ಹಾಡಹಗಲು, ಬಾಗಿಲು ಮುಚ್ಚಿದರೆ ಇಲ್ಲಿ ಬಾವಿಯ ತಳದ ಕತ್ತಲು.

ಮುದುಕಿಯ ಮಗ, ಆ ಡ್ರಮ್ಮುಗಳ ಯಜಮಾನ, ಸಂಕೋಚದಿಂದ ಕತ್ತು ಕೆರೆದುಕೊಂಡ. “ಅಮ್ಮಂಗೆ ಭಯ, ಮೇಡಂ. ನಮ್ಮ ತಂಡದಲ್ಲಿ ನನಗಿಂತ ಮುಂಚೆ ಒಬ್ಬ ಬಾರಿಸ್ತಿದ್ದ. ಅವನನ್ನ ಬಿಡಿಸಿ ನನ್ನ ಕೂರಿಸಿದ್ರು. ಹೋಗ್ತಾ ಏನೋ ಮಾಡಿಸಿದ ಅಂತಾರೆ. ಕೋಲು ಹಿಡಿದವನು ಕೆಳಗಿಡಬಾರದು ಅಂತ.”

“ಆಮೇಲೆ?”

“ನಾನು ಒಂದಿಡೀ ದಿನ ನಿಲ್ಲಿಸದೆ ಬಾರಿಸಿದ್ನಂತೆ. ನಂಗೆ ನೆನಪಿಲ್ಲ.” ಅಂಗೈ ತೋರಿಸಿದ. ಚರ್ಮ ಕರಗಿ ಮತ್ತೆ ಹೆಪ್ಪುಗಟ್ಟಿದಂತಿತ್ತು. “ಅಮ್ಮ ಯಾರನ್ನೋ ಕೇಳ್ಕೊಂಡು ಬಂದು, ಗಂಟು ಕಟ್ಟಿ ಡ್ರಮ್ಮೊಳಗೆ ಇಟ್ಮೇಲೆ ನಿಂತಿತು.”

“ಸರಿಯಪ್ಪ, ಕೂತ್ಕೋ,” ಎಂದು ಅವಳು ಹೆಡ್‌ಫೋನ್ ಏರಿಸಿದಳು.

ಒಳ್ಳೆಯ ಕೈ ಅವನದು. ಆದರೆ ದೊಡ್ಡ ಡ್ರಮ್ಮಿನ ಪ್ರತಿ ಏಟಿನ ಬೆನ್ನಿಗೆ ಇನ್ನೊಂದು ಸದ್ದು ಬರುತ್ತಿತ್ತು. ಒದ್ದೆ ಮರಳಿನಲ್ಲಿ ಯಾರೋ ಕಾಲೆಳೆದಂತೆ. ಮೈಕು ಬದಲಾಯಿಸಿದಳು, ಜಾಗ ಬದಲಾಯಿಸಿದಳು, ಕೆಳಗೆ ಕಂಬಳಿ ಹಾಸಿದಳು. ಹೋಗಲಿಲ್ಲ. ಹನ್ನೊಂದನೆಯ ಸಲವೂ ಅದೇ ಆದಾಗ ಅವಳ ತಾಳ್ಮೆ ಕೆಟ್ಟಿತು. ಅವನು ನೀರು ಕುಡಿಯಲು ಹೋದದ್ದೇ ತಡ, ಡ್ರಮ್ಮಿನ ಮುಂದಿನ ತೂತಿನೊಳಗೆ ಮೊಣಕೈವರೆಗೆ ಕೈ ತೂರಿಸಿದಳು.

ಬೆಚ್ಚಗಿತ್ತು. ಮುಷ್ಟಿಗಾತ್ರದ ಬಟ್ಟೆಗಂಟು, ಅದರ ಸುತ್ತ ನರೆಗೂದಲಿನ ಎಳೆ. ಎಳೆದಾಗ ತೂತಿನ ಅಂಚಿಗೆ ಸಿಕ್ಕಿ ಆ ಎಳೆ ಪಟಕ್ಕನೆ ಹರಿಯಿತು. ಬೂದಿ ಸುರಿಯಿತು, ಕತ್ತರಿಸಿದ ಉಗುರುಗಳು ಉದುರಿದವು. ಕಮಟು ವಾಸನೆ ಮೂಗಿಗೆ ರಾಚಿತು.

“ಮಾಟವಂತೆ, ಮಂತ್ರವಂತೆ,” ಎಂದು ಗೊಣಗಿ ಗಂಟನ್ನು ಚೀಲದ ಹಿಂದೆ ಎಸೆದಳು.

ಅವನು ಬಂದು ಕೂತ. ಮೊದಲ ಏಟಿಗೇ ಅವಳ ಮೈ ಜುಮ್ಮೆಂದಿತು. ತೊಳೆದಿಟ್ಟಷ್ಟು ಶುದ್ಧವಾದ ಸದ್ದು. ಕಣ್ಣು ಮುಚ್ಚಿ ಕೇಳಿದಳು. ನಾಲ್ಕು ನಿಮಿಷದ ಹಾಡು ಮುಗಿಯಿತು.

ಅವನು ನಿಲ್ಲಿಸಲಿಲ್ಲ.

“ಸಾಕು,” ಎಂದು ಕೈಯೆತ್ತಿದಳು. ಅವನು ಅವಳನ್ನೇ ನೋಡಿದ. ಮುಖ ಬಿಳಿಚಿತ್ತು. ಕೈಗಳು ಮಾತ್ರ ಬೇರೆ ಯಾರದೋ.

“ಮೇಡಂ, ಕೈ ಹಿಡೀರಿ.”

ಹಿಡಿದಳು. ಅವಳ ತೋಳನ್ನೂ ಎಳೆದುಕೊಂಡೇ ಆ ಕೈ ಬಡಿಯಿತು. ಕೋಲು ಕಿತ್ತುಕೊಂಡಳು. ಮುಷ್ಟಿಯಲ್ಲಿ ಬಡಿದ. ಹಳೆಯ ಗಾಯ ಬಿರಿಯಿತು. ಸಿಂಬಲ್ ತಟ್ಟೆಯ ಮೇಲೆ ರಕ್ತದ ಚುಕ್ಕಿ. ಇನ್ನೊಂದು. ಇನ್ನಷ್ಟು. ಸ್ಟೂಲು ಒದ್ದಳು. ಅವನು ನೆಲಕ್ಕೆ ಬಿದ್ದ. ಬಿದ್ದಲ್ಲೇ ಹಿಮ್ಮಡಿ ಬಡಿಯಿತು. ದೊಡ್ಡ ಡ್ರಮ್ಮೂ ಬಡಿಯಿತು. ಅದರ ಹತ್ತಿರ ಯಾರೂ ಇರಲಿಲ್ಲ. ದೀಪ ಮಿನುಗಿತು. ಗೋಡೆಯ ಹಾಸಿಗೆಗಳು ಎದೆಯ ಹಾಗೆ ಉಬ್ಬಿ ಇಳಿದವು.

ಬಾಗಿಲು ತೆರೆಯಿತು. ಮುದುಕಿ ಮೊದಲು ಮಗನನ್ನು, ಆಮೇಲೆ ಚೆಲ್ಲಿದ ಬೂದಿಯನ್ನು ನೋಡಿದಳು.

“ಬಿಚ್ಚಿದ್ಯಾ,” ಎಂದಳು.

“ತಪ್ಪಾಯ್ತಮ್ಮ. ಮತ್ತೆ ಕಟ್ಟಿ. ಬೇಗ.”

“ನನ್ನ ಕೈಲಿ ಆಗಲ್ಲ. ಒಬ್ರು ಒಂದೇ ಸಲ. ಕಟ್ಟೋರು ಒಂದು ದನಿ ಕೊಡ್ಬೇಕು. ನಾನು ಇವನದ್ದು ಕೊಟ್ಟಾಯ್ತು.” ಮುದುಕಿ ಕೆಳಗೆ ಬಿದ್ದಿದ್ದ ಮಗನ ತುಟಿಗಳನ್ನೇ ನೋಡುತ್ತಿದ್ದಳು. “ಎರಡು ವರ್ಷ ಆಯ್ತು, ಇವನು ಅಮ್ಮಾ ಅಂದದ್ದು ನಂಗೆ ಕೇಳ್ಸಿಲ್ಲ. ಈಗ್ಲೂ ಕೂಗ್ತಿದಾನೆ, ಅಲ್ವಾ?”

ಕೂಗುತ್ತಿದ್ದ.

“ನಾನು ಕಟ್ತೀನಿ. ನನ್ನ ದನೀನೇ ಕೊಡ್ತೀನಿ.”

“ಆರಿಸೋದು ನಾವಲ್ಲಮ್ಮ.”

ಯೋಚಿಸಲು ಹೊತ್ತಿರಲಿಲ್ಲ. ವೈರು ಕತ್ತರಿಸುವ ಇಕ್ಕಳದಿಂದ ಜಡೆಯ ತುದಿ ಕತ್ತರಿಸಿದಳು. ಬೂದಿ, ಉಗುರು ಬಾಚಿ ಬಟ್ಟೆಗೆ ತುಂಬಿ, ಕೂದಲಿನಿಂದ ಸುತ್ತಿ, ಬಿಗಿದಳು. ಒಂದು ಗಂಟು. ಎರಡು. ಮೂರನೆಯದಕ್ಕೆ ಕಿವಿಯ ಆಳದಲ್ಲಿ ಯಾರೋ ಬೇರು ಕಿತ್ತಂತಾಯಿತು. ಗಂಟನ್ನು ಡ್ರಮ್ಮೊಳಗೆ ತುರುಕಿದಳು.

ಎಲ್ಲ ನಿಂತಿತು.

“ಮೇಡಂ,” ಎಂದ ಅವನು, ನೆಲದಿಂದ. ಕೇಳಿಸಿತು. ಮುದುಕಿಯ ಬಿಕ್ಕು ಕೇಳಿಸಿತು. “ಒಂದು, ಎರಡು,” ಎಂದು ತಾನೇ ಹೇಳಿ ನೋಡಿದಳು. ಅದೂ ಕೇಳಿಸಿತು. ಅವನ ಕೈಗೆ ಬಟ್ಟೆ ಸುತ್ತಿ, ಸಾಮಾನು ಕಟ್ಟಿಕೊಂಡು ಹೊರಬಿದ್ದಳು. ರಸ್ತೆಯಲ್ಲಿ ಕಾರಿನ ಹಾರ್ನ್, ಹರಟೆ, ನಾಯಿ, ನಲ್ಲಿ, ಎಲ್ಲ ಕೇಳುತ್ತಿತ್ತು. ಮುದುಕಿಗೆ ಅರುಳುಮರುಳು ಎಂದುಕೊಂಡಳು.

ಮನೆಯಲ್ಲಿದ್ದವಳು ಒಬ್ಬಳೇ ತಂಗಿ. ಅಪ್ಪ ಅಮ್ಮ ಹೋದ ಮೇಲೆ ಇವಳೇ ಎತ್ತಿ ಬೆಳೆಸಿದ ಬಾಯಿಬಡುಕಿ. ಬಾಗಿಲು ತೆಗೆದವಳೇ ಮಾತು ಶುರು ಹಚ್ಚಿಕೊಂಡಳು. ತುಟಿ ಆಡಿತು, ಕೈ ಆಡಿತು, ಕಣ್ಣು ಅರಳಿತು. ಅವಳ ಬಳೆಯ ಸದ್ದು ಬಂತು. ಹಿಂದೆ ಫ್ಯಾನು ತಿರುಗುವ ಸದ್ದು ಬಂತು. ಅಷ್ಟೇ.

ಅಕ್ಕ ಒಳಹೋಗಿ ಲ್ಯಾಪ್‌ಟಾಪು ತೆರೆದಳು. ತಂಗಿ ಚಿಕ್ಕವಳಿದ್ದಾಗ ಹೇಳಿದ ಕತೆಯೊಂದನ್ನು ರೆಕಾರ್ಡ್ ಮಾಡಿಟ್ಟಿದ್ದಳು. ಅದನ್ನು ಹುಡುಕಿ ಹಾಕಿದಳು. ಪರದೆಯ ಮೇಲೆ ದನಿಯ ಹಸಿರು ಗೆರೆ ಏಳುತ್ತಿತ್ತು, ಬೀಳುತ್ತಿತ್ತು. ಕಿವಿಯಲ್ಲಿ ಖಾಲಿ.

ತಂಗಿ ಪಕ್ಕಕ್ಕೆ ಬಂದು ಕೂತು, ತನ್ನದೇ ಹಳೆಯ ತೊದಲು ಕೇಳಿ ಭುಜ ಕುಲುಕಿಸಿ ನಕ್ಕಳು. ಅಕ್ಕ ಪರದೆಯಿಂದ ಕಣ್ಣು ಕೀಳಲಿಲ್ಲ. ಗೆರೆ ಜೋರಾಗಿ ಎದ್ದಾಗಲೆಲ್ಲ ತಾನೂ ನಕ್ಕಳು.