ನಿಂತ ಎಂಜಿನ್ನಿನ ಉಸಿರು

ಬೋರ್ಡು ಬರೆಯುವ ಬಾಷಾಸಾಬ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರಗಳ ಗುರುತು ಹಾಕಿ ಹೋಗಿದ್ದ: ‘ಅಂದಾನೆಪ್ಪ ಮತ್ತು ಮಗಳು, ಗಾಡಿ ರಿಪೇರಿ, ಗಜೇಂದ್ರಗಡ.’ ಬಣ್ಣ ತುಂಬುವುದು ಸೋಮವಾರ. ಗೋಣೆಪ್ಪ ಅದನ್ನು ಓದಿದ್ದು ಶುಕ್ರವಾರ. ಆ ಗ್ಯಾರೇಜಿನಲ್ಲಿ ಅವನು ದುಡಿಯಲು ತೊಡಗಿ ಇಪ್ಪತ್ತೆರಡು ವರ್ಷ. ಸದ್ದು ಕೇಳಿಯೇ ಯಾವ ವಾಲ್ವು ಸಡಿಲವೆಂದು ಹೇಳಬಲ್ಲವನಿಗೆ ಆ ತಗಡಿನಲ್ಲಿ ಒಂದು ಮೂಲೆಯೂ ಇರಲಿಲ್ಲ.

ತನ್ನ ಹೆಸರೇಕಿಲ್ಲವೆಂದು ಕೇಳಿಯೇಬಿಟ್ಟ. ಅಂದಾನೆಪ್ಪ ಮುಖ ತಪ್ಪಿಸಲಿಲ್ಲ. “ಕಾರ್ಬ್ಯುರೇಟರ್ ಕಾಲ ಮುಗೀತಲೋ ಗೋಣೆಪ್ಪ. ಈಗಿನ ಗಾಡಿ ಐಶ್ವರ್ಯಾಗಷ್ಟ ತಿಳೀತಾವ. ನಿನಗ ಯಾರ್ ಹೋಗಂತಾರ? ಆಕಿ ಕೈಯಾಗ ಇರು.”

ಐಶ್ವರ್ಯಾ ಅಂದಾನೆಪ್ಪನ ಮಗಳು, ಸ್ಪ್ಯಾನರ್ ಹಿಡಿಯುವುದನ್ನು ಗೋಣೆಪ್ಪನೇ ಕಲಿಸಿದ್ದ ಹುಡುಗಿ. ಅವಳ ಕೈಯಲ್ಲಿ ಇರಬೇಕಂತೆ.

ಅವಳನ್ನು ನೋಯಿಸುವ ಉದ್ದೇಶ ಅವನಿಗಿರಲಿಲ್ಲ. ಅವಳು ಮಾಡಿದ ಕೆಲಸವೊಂದು ಎಲ್ಲರೆದುರು ಕೆಡಬೇಕು, ಅಷ್ಟೇ. ಅದಕ್ಕೆ ತಕ್ಕ ಗಾಡಿ ಶನಿವಾರ ಬಂತು. ಮುಶಿಗೇರಿಯಲ್ಲಿ ನರ್ಸಾಗಿರುವ ಮುನೀರಾಳ ಸ್ಕೂಟರ್. ಅವಳು ದಿನವೂ ನೂರು ಜನರೊಡನೆ ಮಾತಾಡುವವಳು.

ಇಂಥ ಗಾಡಿಗಳಲ್ಲಿ ಪೆಟ್ರೋಲು ಎಷ್ಟು ಬೇಕೆಂದು ನಿರ್ಧರಿಸುವುದು ಒಂದು ಪುಟ್ಟ ಕಂಪ್ಯೂಟರ್. ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯಲ್ಲಿ ಒತ್ತಡ ಎಷ್ಟಿದೆಯೆಂದು ಒಂದು ಸೆನ್ಸರ್ ಅಳೆದು ಹೇಳುತ್ತದೆ. ಒತ್ತಡ ಕಡಿಮೆಯಿದ್ದರೆ ಪೆಟ್ರೋಲು ಕಡಿಮೆ, ಹೆಚ್ಚಿದ್ದರೆ ಹೆಚ್ಚು. ಮುನೀರಾಳ ಸ್ಕೂಟರಿನಲ್ಲಿ ಕೊಳವೆಗೂ ಸೆನ್ಸರಿಗೂ ನಡುವೆ ಗೇಣುದ್ದದ ರಬ್ಬರ್ ಪೈಪು. ಅದರಲ್ಲಿ ತೂತಾದರೆ ಹೊರಗಿನ ಗಾಳಿ ನುಗ್ಗುತ್ತದೆ. ಒತ್ತಡ ಹೆಚ್ಚಿದೆಯೆಂದು ಸೆನ್ಸರ್ ಸುಳ್ಳು ಹೇಳುತ್ತದೆ. ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲು ಸುರಿಯುತ್ತದೆ. ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ. ಇದನ್ನೆಲ್ಲ ಅವನಿಗೆ ಬಿಡಿಸಿ ಹೇಳಿದವಳು ಐಶ್ವರ್ಯಾಳೇ.

ಮಧ್ಯಾಹ್ನದ ಹೊತ್ತಿಗೆ ಅವಳು ಸರ್ವೀಸ್ ಮುಗಿಸಿದಳು. ಸ್ಕ್ಯಾನರ್ ಜೋಡಿಸಿ ಕಂಪ್ಯೂಟರಿನ ಹಳೆಯ ದೋಷಗಳ ನೆನಪನ್ನೆಲ್ಲ ಅಳಿಸಿದಳು. ‘ದೋಷವಿಲ್ಲ, 12,418 ಕಿ.ಮೀ.’ ಎಂಬ ಚೀಟಿಯನ್ನು ಹ್ಯಾಂಡಲಿಗೆ ಕಟ್ಟಿ, ನರಗುಂದದ ಬಸ್ಸಿಗೆ ಬರುವ ಸಾಮಾನು ತರಲು ಹೋದಳು. ಅಂದಾನೆಪ್ಪ ಊಟಕ್ಕೆ ಹೋಗಿದ್ದ. ಗೋಣೆಪ್ಪನಿಗೆ ಅರ್ಧ ಗಂಟೆ ಸಿಕ್ಕಿತು. ಬೇಕಾದದ್ದು ಹತ್ತು ನಿಮಿಷ.

ಪೈಪನ್ನು ಬಿಚ್ಚಿ, ಕಾಯಿಸಿದ ಸೂಜಿಯಿಂದ ಅದರ ಕೆಳಮೈಗೆ ತೂತು ಹಾಕಿದ. ಅದರ ಮೇಲೆ ಮೇಣದಬತ್ತಿಯ ಒಂದು ಹನಿ. ಊರೊಳಗೆ ಗಾಡಿ ಸರಿಯಾಗಿ ಓಡುತ್ತದೆ. ಊರಾಚೆಯ ಏರಿನಲ್ಲಿ ಎಂಜಿನ್ ಕಾದಾಗ ಮೇಣ ಕರಗಿ ಹೋಗುತ್ತದೆ. ಉಳಿಯುವುದು ಹಳೆಯ ರಬ್ಬರು, ಸಣ್ಣದೊಂದು ತೂತು, ಅದನ್ನು ಗಮನಿಸದ ಹುಡುಗಿ.

ಪೈಪಿನ ಒಂದು ತುದಿಯನ್ನು ಸೆನ್ಸರಿಗೆ ಸಿಕ್ಕಿಸಿದ. ದೋಷದ ದೀಪ ಉಳಿಯುತ್ತದೆಯೇ ನೋಡಲು ಕೀಲಿ ತಿರುಗಿಸಿದ; ದೀಪ ಹೊತ್ತಿ, ಎಂದಿನಂತೆ ಆರಿತು. ಮೇಣ ಬಿಗಿಯಾಗಿ ಕೂತಿದೆಯೇ ಎಂದು ನೋಡಬೇಕಿತ್ತು. ಇನ್ನೊಂದು ತುದಿಯನ್ನು ಬಾಯಿಗಿಟ್ಟು ಜೋರಾಗಿ ಎಳೆದು ನಾಲಿಗೆಯಿಂದ ಮುಚ್ಚಿದ. ಪೈಪು ನಾಲಿಗೆಗೆ ಕಚ್ಚಿಕೊಂಡಿತು. ಇಪ್ಪತ್ತರವರೆಗೆ ಎಣಿಸಿದ, ಅದು ಬಿಡಲಿಲ್ಲ. ತೃಪ್ತಿಯಾಯಿತು. ಪೈಪನ್ನು ಜಾಗದಲ್ಲಿ ಕೂರಿಸಿದ, ಕೀಲಿ ಹಿಂದಕ್ಕೆ ತಿರುಗಿಸಿದ, ಸೂಜಿಯನ್ನು ಗಟಾರಕ್ಕೆ ಎಸೆದ, ಕೈ ತೊಳೆದ.

ಎರಡಕ್ಕೆ ಮುನೀರಾ ಗಾಡಿ ಒಯ್ದಳು. ಮೂರೂವರೆಗೆ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಸ್ಕೂಟರ್ ಹೇರಿಕೊಂಡು ಮರಳಿದಳು. ಮೊಣಕೈ ತರಚಿತ್ತು. ಏರಿನ ನಡುವೆ ಗಾಡಿ ಕಪ್ಪು ಹೊಗೆ ಕಾರಿ ನಿಂತಿತಂತೆ. ಹಿಂದೆ ಲಾರಿ ಇತ್ತಂತೆ. ಡ್ರೈವರ್ ಬ್ರೇಕ್ ಒತ್ತಿ ಗೇಣು ದೂರದಲ್ಲಿ ನಿಲ್ಲಿಸಿದನಂತೆ. ಲಾರಿ ಗೋಣೆಪ್ಪನ ಯೋಜನೆಯಲ್ಲಿ ಇರಲಿಲ್ಲ.

“ನೀ ಮಾಡಿದ್ದಂತ ನಂಬಿ ಒಯ್ದಿನವಾ,” ಎಂದಳು ಮುನೀರಾ ಐಶ್ವರ್ಯಾಳಿಗೆ. ದನಿ ಏರಿಸಲಿಲ್ಲ.

ಅಂದಾನೆಪ್ಪ ಪೈಪಿನ ಮೇಲೆ ಬೆರಳಾಡಿಸಿ ತೂತು ಕಂಡುಹಿಡಿದ. ಮಗಳತ್ತ ನೋಡದೆ ಹೇಳಿದ. “ಬಾಷಾಸಾಬಗ ಫೋನ್ ಹಚ್ಚು. ಬಣ್ಣ ತುಂಬೂದು ಬ್ಯಾಡನ್ನು.”

ಗೋಣೆಪ್ಪ ಕಾದಿದ್ದ ಮಾತು ಅದೇ. ಈಗ ಉದಾರನಾಗುವುದು ಸುಲಭ. “ಬಿಡ್ರಿ ಮಾಸ್ತರ. ಹುಡುಗಿ ಇನ್ನೂ ಕಲಿಯಾಕತ್ತೈತಿ.”

“ಒಂದ್ ನಿಮಿಷ ತಡಿ ಕಾಕಾ,” ಎಂದು ಐಶ್ವರ್ಯಾ ಕಣ್ಣೊರೆಸಿಕೊಂಡು ಸ್ಕ್ಯಾನರ್ ಜೋಡಿಸಿದಳು. ಗೋಣೆಪ್ಪ ಹೆದರಲಿಲ್ಲ. ಏರಿನಲ್ಲಿ ನಿಂತದ್ದು ಅದರಲ್ಲಿ ಇರುತ್ತದೆ, ಇರಲಿ.

ಇತ್ತು. ಆದರೆ ಅದಕ್ಕೂ ಮೊದಲಿನ ಇನ್ನೊಂದು ದಾಖಲೆಯೂ ಇತ್ತು. ದೀಪ ಹೊತ್ತಿಸುವಷ್ಟು ದೊಡ್ಡದಲ್ಲ, ಕಂಪ್ಯೂಟರ್ ನೆನಪಿಟ್ಟುಕೊಳ್ಳುವಷ್ಟು ವಿಚಿತ್ರ. 12,418 ಕಿ.ಮೀ., ಚೀಟಿಯಲ್ಲಿದ್ದ ಅದೇ ಅಂಕಿ; ಅಂದರೆ ಅವಳು ನೆನಪು ಅಳಿಸಿದ ಮೇಲೆ, ಗಾಡಿ ಗ್ಯಾರೇಜು ಬಿಡುವ ಮೊದಲು. ಕೀಲಿ ತಿರುಗಿದೆ. ಎಂಜಿನ್ನಿನ ವೇಗ ಸೊನ್ನೆ. ಪೈಪಿನ ಒತ್ತಡ ಮಾತ್ರ ಮೂರರಲ್ಲೊಂದು ಪಾಲು ಕುಸಿದು, ಇಪ್ಪತ್ತು ಸೆಕೆಂಡು ಹಾಗೆಯೇ ನಿಂತಿದೆ. ಐಶ್ವರ್ಯಾ ಅದನ್ನು ಎರಡು ಸಲ ಓದಿದಳು. “ಅಪ್ಪಾ, ಎಂಜಿನ್ ಚಾಲೂನ ಇಲ್ಲ. ನಿಂತ ಎಂಜಿನ್ ಗಾಳಿ ಹ್ಯಾಂಗ ಎಳೀತೈತಿ?” ಇಪ್ಪತ್ತೆರಡು ವರ್ಷಗಳ ಹಿಂದೆ, ಇದೇ ತಗಡಿನ ಚಪ್ಪರದಡಿ, ಹೊಸದಾಗಿ ಕೆಲಸಕ್ಕೆ ಬಂದವನೊಬ್ಬನಿಗೆ ಪೈಪನ್ನು ಬಾಯಿಂದ ಎಳೆದು, ನಾಲಿಗೆಯಿಂದ ಮುಚ್ಚಿ, ಇಪ್ಪತ್ತು ಎಣಿಸಿ ನೋಡುವುದನ್ನು ಕಲಿಸಿದವನು ಅಂದಾನೆಪ್ಪನೇ. ನಿಧಾನವಾಗಿ ತಿರುಗಿ, ಗೋಣೆಪ್ಪನ ಬಾಯನ್ನೇ ನೋಡುತ್ತ ನಿಂತ.