ಬುರುಲ್ ಅಜ್ಜಿಯ ನೀಲಿ ಕಾರು

“ನಮ್ಮ ಹತ್ರ ನಾಲ್ಕು ಸಾವಿರ ಡಾಲರ್ ಇದೆಯಲ್ಲ ಮಾವ!”

ಮಾತು ಬಾಯಿಂದ ಜಾರಿದ ಮೇಲೆ ಜಿಬೆಕ್‌ಗೆ ಗೊತ್ತಾಯಿತು, ಏನೋ ಎಡವಟ್ಟಾಗಿದೆ ಎಂದು. ಕುಬಾತ್ ಮಾವನ ಮುಖ ಬೇಯಿಸಿದ ಬೀಟ್‌ರೂಟಿನ ಹಾಗೆ ಕೆಂಪಾಯಿತು. ಎದುರಿಗೆ ನಿಂತಿದ್ದ ಚರ್ಮದ ಜಾಕೆಟ್ಟಿನವನ ಮುಖದಲ್ಲಿ ಮಾತ್ರ ನಗು ಅರಳಿತು. ಕಾರು ಮಾರಲು ಬಂದಿದ್ದವನು ಅವನೇ.

ಅರ್ಧ ಗಂಟೆಯಿಂದ ಮಾವ ಚೌಕಾಸಿ ಮಾಡಿ ಮಾಡಿ, ನಾಲ್ಕೂವರೆ ಸಾವಿರದ ಕೆಂಪು ಕಾರನ್ನು ಮೂರು ಸಾವಿರದ ಆರುನೂರಕ್ಕೆ ಇಳಿಸಿದ್ದ. “ಅಷ್ಟೂ ನಮ್ಮ ಹತ್ರ ಇಲ್ಲ ಅಣ್ಣಾ” ಎಂದು ಅಳುಮುಖ ಮಾಡಿಕೊಂಡು ನಿಂತಿದ್ದ. ಮಾವ ಲೆಕ್ಕ ಮರೆತಿದ್ದಾನೆ ಅಂದುಕೊಂಡು ಜಿಬೆಕ್ ಸಹಾಯ ಮಾಡಲು ಹೋಗಿದ್ದಳು, ಅಷ್ಟೆ.

“ಹಾಗಾದ್ರೆ ನಾಲ್ಕು ಸಾವಿರ,” ಎಂದ ಜಾಕೆಟ್ಟಿನವನು. “ಒಂದು ಡಾಲರ್ ಕೂಡ ಕಡಿಮೆ ಇಲ್ಲ. ಮಕ್ಕಳು ಸುಳ್ಳು ಹೇಳಲ್ಲ, ಅಲ್ವಾ ಅಪಾ?”

ಅಪಾ ಎಂದರೆ ಬುರುಲ್ ಅಜ್ಜಿ. ತಾಯಿಯನ್ನೂ ಹಿರಿಯ ಹೆಂಗಸರನ್ನೂ ಅಲ್ಲಿ ಹಾಗೇ ಕರೆಯುವುದು; ಮಗನಾದ ಕುಬಾತ್ ಮಾವನೂ ಸಂತೆಯವರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಅಜ್ಜಿ ತಲೆಗೆ ಕಟ್ಟಿದ ಸ್ಕಾರ್ಫ್ ಸರಿಮಾಡಿಕೊಂಡಳು. “ಒಂದು ಸುತ್ತು ನೋಡ್ಕೊಂಡು ಬರ್ತೀವಪ್ಪ,” ಎಂದು ಹೊರಟಳು.

ನಾಲ್ಕು ಹೆಜ್ಜೆ ಹೋದದ್ದೇ ತಡ, ಮಾವ ಸಿಡಿದ. “ನಿನ್ನನ್ನ ಯಾರೇ ಕೇಳಿದ್ರು? ಇನ್ನು ಮನೆ ಸೇರೋ ತನಕ ಬಾಯಿ ಬಿಟ್ಟೀಯಾ, ಜೋಕೆ! ಕಮಕ್ ಕಿಮಕ್ ಅನ್ನಬಾರದು!”

ಜಿಬೆಕ್ ತುಟಿ ಬಿಗಿ ಹಿಡಿದಳು. ಕಣ್ಣಲ್ಲಿ ನೀರು ತುಂಬಿತು.

ಅದು ಬಿಶ್ಕೆಕ್ ಊರಾಚೆಯ ಹಳೆ ಕಾರುಗಳ ಭಾನುವಾರದ ಸಂತೆ. ಕಣ್ಣು ಹಾಯಿಸಿದಷ್ಟೂ ಕಾರುಗಳೇ. ಹಿಂದೆ ಬೆಟ್ಟಗಳ ನೆತ್ತಿಯ ಮೇಲೆ ಇನ್ನೂ ಹಿಮ. ತಣ್ಣನೆಯ ಗಾಳಿ ಬೀಸಿ ಬೀಸಿ ಬರುತ್ತಿತ್ತು.

“ಅಪಾ, ಈಗ್ಲೂ ಹೇಳ್ತೀನಿ ಕೇಳು,” ಎಂದು ಮಾವ ಮತ್ತೆ ಶುರು ಮಾಡಿದ. “ಅಲ್ನೋಡು, ಎಂಥ ಒಳ್ಳೆ ವ್ಯಾನು! ಹಿಂದಿನ ಸೀಟು ತೆಗೆದ್ರೆ ಎಂಟು ಮೂಟೆ ಆಲೂಗಡ್ಡೆ ಹಿಡಿಯುತ್ತೆ. ನಿಂಗ್ಯಾಕೆ ಸ್ಪೋರ್ಟ್ಸ್ ಕಾರು? ಅರವತ್ತಾರು ವರ್ಷಕ್ಕೆ ರೇಸಿಗೆ ಹೋಗ್ತೀಯಾ?”

“ಸ್ಪೋರ್ಟ್ಸ್ ಸೆಡಾನ್,” ಎಂದು ಅಜ್ಜಿ ತಿದ್ದಿದಳು. “ನಾಲ್ಕು ಬಾಗಿಲು ಇರುತ್ತೆ. ನೀವೂ ಕೂತ್ಕೋಬಹುದು.”

“ಕೂತ್ಕೊಂಡು?”

ಅಜ್ಜಿ ಮುಂದಿನ ಕಾರಿನತ್ತ ನಡೆದಳು. ಐದು ಬೇಸಿಗೆ ರಾಸ್ಬೆರಿ ಜಾಮ್ ಮಾಡಿ ಹೆದ್ದಾರಿ ಬದಿಯಲ್ಲಿ ಮಾರಿ ಕೂಡಿಸಿದ ದುಡ್ಡು ಅವಳ ಕೋಟಿನ ಒಳಜೇಬಿನಲ್ಲಿತ್ತು. ಆ ದುಡ್ಡಿನಲ್ಲೇ ಕಾರೂ ಬರಬೇಕು, ಅದಕ್ಕೆ ಬೇಕಾದ ಟೈರೂ ಬರಬೇಕು.

ಸುತ್ತು ಹೊಡೆದದ್ದೇ ಬಂತು. ಒಂದು ಕಾರಿಗೆ ಕಪ್ಪು ಹೊಗೆ. ಇನ್ನೊಂದಕ್ಕೆ ಏಳು ಸಾವಿರ ರೇಟು. ಮತ್ತೊಂದರ ಬಾನೆಟ್ ತೆಗೆದರೆ ಮುಚ್ಚಲು ಬರಲಿಲ್ಲ. ಕೊನೆಗೆ ಅಜ್ಜಿ ನಿಟ್ಟುಸಿರು ಬಿಟ್ಟಳು. “ಆ ಕೆಂಪು ಕಾರೇ ಚೆನ್ನಾಗಿತ್ತು. ನಾಲ್ಕು ಸಾವಿರಾನೇ ಕೊಟ್ಟು ಬಿಡೋಣ. ಟೈರಿಗೆ ಇನ್ನೊಂದು ವರ್ಷ ಜಾಮ್ ಮಾಡಿದ್ರಾಯ್ತು.”

ಮೂವರೂ ಮತ್ತೆ ಕೆಂಪು ಕಾರಿನ ಹತ್ತಿರ ಬಂದರು. ಅದು ಮಿಠಾಯಿಯ ಹಾಗೆ ಮಿರಮಿರ ಮಿಂಚುತ್ತಿತ್ತು. ಅಷ್ಟರಲ್ಲಿ ಜೋರಾಗಿ ಗಾಳಿ ಬೀಸಿ ಜಿಬೆಕ್‌ಳ ಉಣ್ಣೆಯ ಟೋಪಿ ಹಾರಿತು. ಹಾರಿ, ಉರುಳಿ, ಕಾರಿನ ಅಡಿಗೆ ಹೋಯಿತು. ಅವಳು ಹೊಟ್ಟೆಯ ಮೇಲೆ ತೆವಳಿ ಒಳಗೆ ಕೈ ಚಾಚಿದಳು. ಟೋಪಿ ಸಿಕ್ಕಿತು. ಆದರೆ ಕೈ ಎಳೆದುಕೊಳ್ಳುವಾಗ ಮೇಲಿದ್ದ ಕಾರಿನ ತಳ ಅಂಗೈಗೆ ಅಂಟಂಟಾಗಿ ತಾಗಿತು.

ನೋಡಿದರೆ ಅಂಗೈ ತುಂಬ ಕಪ್ಪು. ಪೇಂಟ್! ಇನ್ನೂ ಒಣಗಿರಲಿಲ್ಲ.

ಇಪ್ಪತ್ತೈದು ವರ್ಷದ ಕಾರಿನ ಹೊಟ್ಟೆಗೆ ಹಸಿ ಪೇಂಟ್ ಯಾಕೆ?

ಅಜ್ಜಿಯ ಕೈ ಆಗಲೇ ಕೋಟಿನ ಒಳಜೇಬಿಗೆ ಹೋಗಿತ್ತು. ಜಿಬೆಕ್ ಬಾಯಿ ತೆರೆದಳು. ಮಾವ ಕಣ್ಣು ದೊಡ್ಡದು ಮಾಡಿದ. ಅವಳು ಬಾಯಿ ಮುಚ್ಚಿದಳು. ಹೇಳಿದರೆ ಮಾವ ಬೈತಾನೆ. ಹೇಳದಿದ್ದರೆ?

ಅವಳು ಸೀದಾ ಹೋಗಿ ಅಜ್ಜಿಯ ಮೂಗಿನ ಮುಂದೆ ತನ್ನ ಕಪ್ಪು ಅಂಗೈ ಹಿಡಿದಳು. ಇನ್ನೊಂದು ಕೈಯಿಂದ ಕಾರಿನ ಅಡಿಗೆ ಬೊಟ್ಟು ಮಾಡಿದಳು. ತುಟಿ ಮಾತ್ರ ಬಿಚ್ಚಲಿಲ್ಲ.

ಅಜ್ಜಿ ಕೈ ನೋಡಿದಳು. ಮೂಸಿದಳು. “ಕುಬಾತ್, ಕೆಳಗೆ ಮಲಗು,” ಎಂದಳು.

“ಅಪಾ, ಹೊಸ ಜಾಕೆಟ್ಟು...”

“ಮಲಗೋ!”

ಮಾವ ಗೊಣಗುತ್ತ ಮಲಗಿದ. ತನ್ನ ಮನೆಯ ಬೀಗದ ಕೈಯಿಂದ ಕಾರಿನ ತಳವನ್ನು ಮೆಲ್ಲಗೆ ಒತ್ತಿದ. ‘ಪಿಸಕ್’ ಎಂದು ಸದ್ದಾಗಿ ಬೀಗದ ಕೈ ಪೂರ್ತಿ ಒಳಗೆ ಹೋಯಿತು. ತುಕ್ಕಿನ ಪುಡಿ ಅವನ ಮೀಸೆಯ ಮೇಲೆ ಉದುರಿತು.

“ಇದೇನಯ್ಯಾ?” ಮಾವ ಕೆಳಗಿನಿಂದಲೇ ಕೂಗಿದ. “ತಳದಲ್ಲಿ ತಗಡೇ ಇಲ್ಲ, ಬರೀ ಪೇಂಟ್ ಇದೆ! ಓಡಿಸ್ತಾ ಇದ್ರೆ ನಮ್ಮ ಕಾಲೂ ರೋಡಲ್ಲಿ ಓಡ್ಬೇಕಾ?”

ಅಕ್ಕಪಕ್ಕದವರೆಲ್ಲ ಗೊಳ್ಳೆಂದು ನಕ್ಕರು. ಜಾಕೆಟ್ಟಿನವನು ಯಾರಿಗೋ ಫೋನ್ ಮಾಡುವವನ ಹಾಗೆ ದೂರ ಹೋದ.

ಮಾವ ಎದ್ದು ಮೀಸೆ ಕೊಡವಿಕೊಂಡ. ಹೋಗಿ ಮಾಂಸ ತುಂಬಿ ಒಲೆಯಲ್ಲಿ ಸುಟ್ಟ ಬಿಸಿಬಿಸಿ ಸಮ್ಸಾ ತಂದು ಜಿಬೆಕ್‌ಳ ಕೈಗಿಟ್ಟ. “ತಗೋ. ಬಾಯಿ ಬಿಡು ಮಾರಾಯ್ತಿ, ಸಾಕು. ನೀನು ಸುಮ್ನಿದ್ರೆ ಇನ್ನೂ ಭಯ ಆಗುತ್ತೆ.”

“ತುಂಬಾ ಬಿಸಿ ಇದೆ,” ಎಂದಳು ಜಿಬೆಕ್. ಆಮೇಲೆ ಮೂವರೂ ನಕ್ಕರು.

ಸಮ್ಸಾ ತಿನ್ನುತ್ತ ಬೇಲಿಯ ತನಕ ಹೋದಾಗ ಅವಳಿಗೇ ಮೊದಲು ಕಂಡಿತು, ಕಡುನೀಲಿ ಬಣ್ಣದ ಕಾರು. ಮೈಮೇಲೆ ಧೂಳು. ಗಾಜಿನ ಮೇಲೆ ಕೈಬರಹದ ಕಾಗದ: ‘ಮಾರಾಟಕ್ಕಿದೆ. ಕಾರಿನ ತಪ್ಪಲ್ಲ, ನನ್ನ ಮೊಣಕಾಲಿನದು.’

ಪಕ್ಕದಲ್ಲಿ ಮಡಿಸುವ ಕುರ್ಚಿಯ ಮೇಲೆ ಒಬ್ಬ ತಾತ ಚಹಾ ಕುಡಿಯುತ್ತ ಕೂತಿದ್ದ. ಹೆಸರು ಸಾಪರ್‌ಬೆಕ್. ಎಡಗಾಲನ್ನು ನೀಳವಾಗಿ ಚಾಚಿಕೊಂಡಿದ್ದ.

“ಯಾರು ಓಡಿಸೋದು?” ಎಂದು ಅವನೇ ಕೇಳಿದ, ಮಾವನನ್ನು ನೋಡುತ್ತ.

“ನಾನು,” ಎಂದಳು ಅಜ್ಜಿ.

ತಾತ ಚಹಾದ ಬಟ್ಟಲು ಕೆಳಗಿಟ್ಟ. “ಕ್ಲಚ್ ಬಿಗಿ ಇದೆ ಅಪಾ. ಕಾಲಲ್ಲಿ ಬಲ ಬೇಕು. ಆಪರೇಷನ್ ಆದ್ಮೇಲೆ ನಂಗೇ ಆಗ್ತಿಲ್ಲ.”

“ನಾನು ಮೂವತ್ತು ವರ್ಷ ಹಾಲಿನ ಲಾರಿ ಓಡಿಸಿದೀನಿ.”

“ಲಾರಿ ಬಿಟ್ಟು ಈಗ ಇದ್ಯಾಕೆ?”

ಮಾವ ಕಿವಿ ನಿಮಿರಿಸಿದ. ಅಜ್ಜಿ ಕಾರಿನ ಬಾಗಿಲ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತ ಹೇಳಿದಳು: “ಮೂವತ್ತು ವರ್ಷ ಹಾಲು ತುಳುಕಬಾರದು ಅಂತ ಮೆಲ್ಲಗೆ ಓಡಿಸಿದೀನಿ. ಎಲ್ರೂ ನನ್ನನ್ನ ದಾಟಿ ಹೋಗೋರು. ಸೈಕಲ್‌ನವರೂ.”

ತಾತ ಕುಂಟುತ್ತ ಎದ್ದು, ಕಾರಿನ ಒಂದೊಂದೇ ತೊಂದರೆ ಹೇಳತೊಡಗಿದ. ಎಸಿ ಸತ್ತು ನಾಲ್ಕು ವರ್ಷ. ಹಿಂದಿನ ಬಲಬಾಗಿಲು ಒಳಗಿಂದ ತೆರೆಯಲ್ಲ. ಚಳಿಯಲ್ಲಿ ಸೆಕೆಂಡ್ ಗೇರ್ ಹಟ ಮಾಡುತ್ತೆ. ಹಿಂದಿನ ಎರಡು ಟೈರು ಬದಲಾಯಿಸಲೇಬೇಕು. ಮಾವ ಈ ಸಲ ಯಾರೂ ಹೇಳದೆಯೇ ಕೆಳಗೆ ಮಲಗಿ ಎಲ್ಲ ಕಡೆ ಬೀಗದ ಕೈ ಒತ್ತಿ ನೋಡಿದ. ಟಣ್, ಟಣ್, ಟಣ್! ಗಟ್ಟಿ ಕಬ್ಬಿಣ.

“ನಾಲ್ಕು ಸಾವಿರದ ಇನ್ನೂರು ಅಂದ್ಕೊಂಡಿದ್ದೆ,” ಎಂದ ತಾತ. ಬಗ್ಗಿ ಜಿಬೆಕ್‌ಳ ಮುಖ ನೋಡಿದ. “ಏನಮ್ಮ, ನಿಮ್ಮಜ್ಜಿ ಹತ್ರ ಎಷ್ಟಿದೆ?”

ಮಾವ ಕೆಳಗೆ ಮಲಗಿದಲ್ಲೇ ಉಸಿರು ಬಿಗಿ ಹಿಡಿದ. ಜಿಬೆಕ್ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಹೂಂ ಎಂದು ತಲೆಯಾಡಿಸಿದಳು.

“ನಾಲ್ಕು ಸಾವಿರ,” ಎಂದಳು ಜಿಬೆಕ್. “ಆದ್ರೆ ಟೈರೂ ಅದ್ರಲ್ಲೇ ಬರ್ಬೇಕು.”

ತಾತ ಹೊಟ್ಟೆ ಕುಣಿಯುವಂತೆ ನಕ್ಕ. “ಟೈರಿಗೆ ಇನ್ನೂರು ಇಟ್ಕೊಳ್ಳಿ. ಮಿಕ್ಕಿದ್ದು ನಂಗೆ. ಆದ್ರೆ ಮೊದಲು ಅಪಾ ಓಡಿಸಿ ತೋರಿಸ್ಲಿ. ಓಡಿಸೋಕೆ ಬರ್ದೇ ಇದ್ರೆ ಎಷ್ಟು ಕೊಟ್ರೂ ಕೊಡಲ್ಲ.”

ಅಜ್ಜಿ ಓಡಿಸಿದಳು. ಸಂತೆಯ ಹಿಂದಿನ ರಸ್ತೆಯಲ್ಲಿ ಒಂದೇ ಸುತ್ತು. ವಾಪಸು ಬಂದು ಇಳಿದು ಅವಳು ಚಾಚಿದ ಕಾರಿನ ಬೀಗದ ಕೈಯನ್ನು ತಾತ ಮತ್ತೆ ಅವಳ ಅಂಗೈಯಲ್ಲೇ ಇಟ್ಟು, ಅದರ ಮೇಲೆ ತನ್ನ ಕೈ ಒಂದು ಗಳಿಗೆ ಇಟ್ಟ.

ಕಾಗದಪತ್ರ ಮುಗಿಸಿ, ಸಂತೆಯಲ್ಲೇ ಟೈರು ಹಾಕಿಸಿದಾಗ ಮಧ್ಯಾಹ್ನ ಇಳಿದಿತ್ತು. ಮಾವ ಹಿಂದಿನ ಸೀಟಿನಲ್ಲಿ ಕಾಲು ಮಡಿಸಿಕೊಂಡು ಕೂತ. ಜಿಬೆಕ್ ಅವನ ಪಕ್ಕ.

ಹೆದ್ದಾರಿ ನೆಟ್ಟಗೆ, ಹೆಚ್ಚುಕಡಿಮೆ ಖಾಲಿಯಾಗಿ ಮಲಗಿತ್ತು. ಎರಡೂ ಬದಿಗೆ ಪಾಪ್ಲರ್ ಮರಗಳಲ್ಲಿ ಎಳೆ ಚಿಗುರು. ಅಜ್ಜಿ ಮೂರನೇ ಗೇರ್ ಹಾಕಿದಳು, ನಾಲ್ಕನೇದು ಹಾಕಿದಳು. ಎಂಜಿನ್ನಿನ ಸದ್ದು ದಪ್ಪಗಾಯಿತು. ಜಿಬೆಕ್‌ಳ ಬೆನ್ನನ್ನು ಯಾರೋ ಸೀಟಿಗೆ ಅಮುಕಿ ಹಿಡಿದಂತಾಯಿತು. ಮುಂದಿದ್ದ ಲಾರಿ ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು.

ನಾಳೆ ಸ್ಕೂಲಿಗೆ ಇದರಲ್ಲೇ ಬಿಡ್ತೀಯಾ, ಗೇಟಿನ ತನಕ, ಎಂದು ಕೇಳಬೇಕೆಂದು ಜಿಬೆಕ್ ಮುಂದಕ್ಕೆ ಬಾಗಿದಳು. ಕನ್ನಡಿಯಲ್ಲಿ ಅಜ್ಜಿಯ ಮುಖ ಕಂಡಿತು.

ಸ್ಕಾರ್ಫ್ ಕುತ್ತಿಗೆಗೆ ಜಾರಿತ್ತು. ಬಿಳಿ ಕೂದಲು ಹಣೆಯ ಮೇಲೆ ಹಾರಾಡುತ್ತಿತ್ತು. ಅಜ್ಜಿ ನಗುತ್ತಿದ್ದಳು. ಅವರಿಬ್ಬರನ್ನು ನೋಡಿ ಅಲ್ಲ, ಯಾರನ್ನೂ ನೋಡಿ ಅಲ್ಲ. ಬೆಲ್ ಹೊಡೆದ ಕೂಡಲೇ ಆಟದ ಬಯಲಿಗೆ ಓಡುವ ಹುಡುಗಿಯ ಮುಖ ಅದು. ಜಿಬೆಕ್ ಆ ಮುಖವನ್ನು ಮೊದಲೆಂದೂ ನೋಡಿರಲಿಲ್ಲ.

ಅವಳು ಹಿಂದಕ್ಕೆ ಒರಗಿದಳು. ಸ್ಕೂಲಿನ ಮಾತು ನಾಳೆ ಕೇಳಿದರಾಯಿತು.

“ಅಪಾ! ಅಪಾ! ನಮ್ಮೂರಿನ ತಿರುವು ಹೋಯ್ತು!” ಎಂದು ಮಾವ ಕೂಗಿದ.

“ಗೊತ್ತು,” ಎಂದಳು ಅಜ್ಜಿ.

ಜಿಬೆಕ್ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿದಳು.