ಗದ್ದುಗೆಯ ಮೇಲಿನ ಟೇಪ್ ರೆಕಾರ್ಡರ್

ನಮ್ಮಪ್ಪ ರೇಡಿಯೋ ನಾಟಕಗಳ ನಟ. 2003ರ ಬೇಸಿಗೆಯಲ್ಲಿ ನಂಜನಗೂಡಿನ ಅಭಿಮಾನಿಗಳ ಸಂಘವೊಂದು ಅವರ ನೆನಪಿಗೆಂದು ನಮ್ಮ ರುದ್ರಭೂಮಿಯಲ್ಲೇ ನಿಧಿ ಹುಡುಕುವ ಆಟ ಇಟ್ಟಿತು. ಸುದ್ದಿ ಕೇಳಿ ನನಗೆ ಮೈಯೆಲ್ಲ ಉರಿಯಿತು. ಮಗಳು ಅರ್ಪಿತಳನ್ನು ಎತ್ತಿಕೊಂಡೇ ಓಡಿದೆ. ಜನ ಸಮಾಧಿಗಳನ್ನು ತುಳಿದುಕೊಂಡು ಸುಳಿವಿನ ಚೀಟಿ ಹುಡುಕುತ್ತಿದ್ದರು. ಅಧ್ಯಕ್ಷ ಬಸವಪ್ರಸಾದ್ ಚಪ್ಪಲಿಗಾಲಲ್ಲೇ, ಅಪ್ಪನನ್ನು ಕೂರಿಸಿ ಮಣ್ಣು ಮಾಡಿದ್ದ ಗದ್ದುಗೆ ಹತ್ತಿದ್ದ.

"ಕೆಳಗೆ ನಮ್ಮಪ್ಪ ಕೂತವ್ರೆ. ಅವ್ರ ತಲೆ ಮೇಲೆ ನಿಂತಿದ್ದೀರ, ಇಳೀರಿ" ಎಂದೆ.

"ಗೌರವಕ್ಕೇ ಕಣಕ್ಕ ಮಾಡ್ತಿರೋದು. ನಿಧಿ ಅಂದ್ರೆ ಅವ್ರ ದನೀನೇ, ಕೇಳಿ" ಎನ್ನುತ್ತ ಅವನು ಗದ್ದುಗೆಯ ಮೇಲಿಟ್ಟಿದ್ದ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದ.

ಆ ಉರಿಬಿಸಿಲಲ್ಲೂ ನನ್ನ ಬರಿಗಾಲಿನಡಿಯ ಮಣ್ಣು ತಣ್ಣಗೆ ಕೊರೆಯತೊಡಗಿತು. ನಾಟಕದ ಮಾತು ಶುರುವಾಗಿ ನಡುವೆ ನಿಂತಿತು. ಅಪ್ಪ ಗಂಟಲು ಸರಿಮಾಡಿಕೊಂಡರು. ಆಮೇಲೆ ಕೇಳಿದ್ದು ರೇಡಿಯೋ ದನಿಯಲ್ಲ, ಮನೆಯಲ್ಲಿ ಸಿಟ್ಟಿಗೆದ್ದಾಗಿನ ದನಿ.

"ಇವ್ರನ್ನೆಲ್ಲ ಆಚೆಗಟ್ಟು ಚಂದ್ರಿ. ಬಿಸ್ಲು ಜಾಸ್ತಿ, ಅರ್ಪಿತನ್ನ ಮನೆಗೆ ಕರ್ಕೊಂಡೋಗು."

ನನ್ನ ಹೆಗಲಿಗೊರಗಿದ್ದ ಮಗಳು "ಊಂ ತಾತ" ಎಂದಳು.

ಬಸವಪ್ರಸಾದ್ ಚಪ್ಪಲಿ ಅಲ್ಲೇ ಬಿಟ್ಟು ಇಳಿದ. ನಾನು ಕ್ಯಾಸೆಟ್ ಕಿತ್ತುಕೊಂಡು ಬಂದೆ. ಈಗಲೂ ಹಾಕಿದರೆ ಆ ಮಾತು ಹಾಗೇ ಕೇಳುತ್ತದೆ. ಅಪ್ಪ ಮಣ್ಣಾದದ್ದು ಅರ್ಪಿತ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು.